ಬಾಣಂತಿಯ ಸಾವಿನ ಲೆಕ್ಕ

ಪೌಲಾ ಐಸೆಲ್ಟ್, ಟೋನ್ಯಾ ಲೂಯಿಸ್ ಲೀ ಅವರ ‘ಆಫ್ಟರ್‌ಶಾಕ್’ (2022) ಸಾಕ್ಷ್ಯಚಿತ್ರ ನೋಡಿದವರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. 2019ರಲ್ಲಿ ನ್ಯೂಯಾರ್ಕಿನ ಕಪ್ಪು ಬಾಣಂತಿಯೊಬ್ಬಳು ಉಸಿರು ಕಟ್ತಿದೆ ಅಂದಳು. ಎದುರಾದ ಪ್ರಶ್ನೆ: ‘ಡ್ರಗ್ಸ್ ತಗೋತಾಳಾ?’ ಹೆರಿಗೆಯಾಗಿ ಎರಡೇ ವಾರಕ್ಕೆ ಸತ್ತಳು. ತಾಯಿ, ಸಂಗಾತಿ ಬೀದಿಗಿಳಿದರು. ಆ ಸಂಘಟನೆಯೇ ಚಿತ್ರದ ಜೀವಾಳ.

2023ರಲ್ಲಿ ಅಮೆರಿಕದಲ್ಲಿ ಲಕ್ಷ ಜೀವಂತ ಜನನಕ್ಕೆ ಬಿಳಿ ತಾಯಂದಿರ ಸಾವು 14.5, ಕಪ್ಪು ತಾಯಂದಿರದು 50.3. ತಜ್ಞರು ಇದನ್ನು ‘ಅಂತರ’ ಅಂತಾರೆ. ಈ ಅಂತರ ತಾನಾಗಿ ಹುಟ್ಟಿತೇ? ನಾವು ಕೇಳುತ್ತೇವೆ. 1840ರ ದಶಕದಲ್ಲಿ ಅಲಬಾಮಾದ ವೈದ್ಯ ಸಿಮ್ಸ್, ಗುಲಾಮ ಹೆಂಗಸರನ್ನು ಅರಿವಳಿಕೆಯಿಲ್ಲದೆ ಕೊಯ್ದೇ ತನ್ನ ವಿದ್ಯೆ ಕಲಿತ.

ಸೂಲಗಿತ್ತಿಯರ ಹೆರಿಗೆಮನೆಯನ್ನು ಚಿತ್ರ ಒಂದು ದಾರಿಯಾಗಿ ತೋರುತ್ತದೆ. ಒಳ್ಳೆಯದೇ. ಆದರೆ ಆಸ್ಪತ್ರೆಗೇ ಹೋಗಬೇಕಾದವಳ ಗತಿ? ಅವಳ ಪರವಾಗಿ ಆಸ್ಪತ್ರೆಯನ್ನೇ ಲೆಕ್ಕ ಕೇಳಬೇಕು.