ಇಳಿಸಿದ ಎಂಜಿನ್ನಿಗೆ ಒಂದು ಮಧ್ಯಾಹ್ನ ಕೊಡಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೇ ಮನೆಗಳ ಪಕ್ಕದಲ್ಲಿ ಒಂದು ಮೋಟಾರು ಶೆಡ್ಡು ಇರುತ್ತಿತ್ತು. ಎರಡು ಮರದ ಬಾಗಿಲು, ಮೇಲೆ ಮಂಗಳೂರು ಹೆಂಚು, ಒಳಗೆ ಫಿಯಟ್ಟೋ ಅಂಬಾಸಿಡರೋ ಸ್ಟ್ಯಾಂಡರ್ಡ್ ಹೆರಾಲ್ಡೋ. ಈಗ ಆ ಮನೆಗಳು ಒಂದೊಂದಾಗಿ ಬಿಲ್ಡರ್ ಕೈಗೆ ಹೋಗುತ್ತಿವೆ. ಅಜ್ಜನ ಕಾರನ್ನು ಬಿಡಲು ಮನಸ್ಸಾಗದವರು ಬಾಡಿಯನ್ನು ಟಿಂಕರಿಂಗಿಗೆ ಕಳಿಸುತ್ತಾರೆ. ಅದು ಅಲ್ಲಿ ವರ್ಷಗಟ್ಟಲೆ ಕೂರುತ್ತದೆ. ಇಳಿಸಿದ ಎಂಜಿನ್ನು ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ, ಒಂದು ಟಾರ್ಪಾಲಿನ ಅಡಿ ಸೇರುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಮೇಸ್ತ್ರಿ ಬಂದು ಕ್ರಾಂಕಿನ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಜಾಮ್. ಇಳಿಸುವ ದಿನ ಚೆನ್ನಾಗಿಯೇ ಓಡುತ್ತಿದ್ದ ಎಂಜಿನ್ನು!

ಬೀಗ ಹಾಕಿದ ಪೆಟ್ಟಿಗೆಯಂತೆ ಕಂಡರೂ ಎಂಜಿನ್ನು ಮುಚ್ಚಿದ ವಸ್ತುವಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಯಾವ ಸ್ಥಾನದಲ್ಲಿ ನಿಲ್ಲಿಸಿದರೂ ಎಲ್ಲೋ ಒಂದು ವಾಲ್ವು ತೆರೆದೇ ಇರುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿದ ಮೇಲಂತೂ ಆ ದಾರಿಯಲ್ಲಿ ಹೊರಗಿನ ಗಾಳಿ ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ರಾತ್ರಿಯಿಡೀ ತಣ್ಣಗಾದ ಕಬ್ಬಿಣದ ಬ್ಲಾಕು ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವುದಿಲ್ಲ. ಸುತ್ತಲಿನ ತೇವದ ಗಾಳಿ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಒತ್ತಿಕೊಂಡಿರುವ ಜಾಗದಲ್ಲೇ ತುಕ್ಕು ಹಿಡಿದು ಎರಡೂ ಕಚ್ಚಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ಮೇ ತಿಂಗಳಿಂದ ಅಕ್ಟೋಬರ್ ಮುಗಿಯುವವರೆಗೆ ಗಾಳಿಗೆ ಈ ತೇವ ಇದ್ದೇ ಇರುತ್ತದೆ. ಆದ್ದರಿಂದ ಎಂಜಿನ್ ಇಳಿಸಿ ಮುಚ್ಚಿಡುವ ಕೆಲಸಕ್ಕೆ ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನಗಳೇ ಸರಿ. ನಮ್ಮೂರಿನ ಗಾಳಿ ವರ್ಷದಲ್ಲಿ ಅತ್ಯಂತ ಒಣಗಿರುವುದು ಆಗಲೇ, ಒಳಗೆ ಸಿಕ್ಕಿಕೊಳ್ಳುವ ಗಾಳಿಯೂ ಅದೇ ಆಗಿರುತ್ತದೆ.

ಕೆಲಸ ಶುರುವಾಗಬೇಕಾದದ್ದು ಎಂಜಿನ್ ಇನ್ನೂ ಕಾರಿನಲ್ಲೇ ಇರುವಾಗ. ಓಡಿದ ಎಣ್ಣೆಯಲ್ಲಿ ಪೆಟ್ರೋಲು ಉರಿದು ಹುಟ್ಟಿದ ಆಮ್ಲವೂ ನೀರೂ ಸೇರಿರುತ್ತವೆ. ಅದನ್ನು ಹಾಗೇ ಬಿಟ್ಟರೆ ಬೇರಿಂಗನ್ನು ತಿನ್ನುತ್ತದೆ. ಬಿಸಿ ಎಂಜಿನ್ನಿನಿಂದ ಹಳೇ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ಹಾಕಿ ಹತ್ತು ನಿಮಿಷ ಓಡಿಸಿ. ನೀರನ್ನು ರೇಡಿಯೇಟರಿನಿಂದ ಮಾತ್ರವಲ್ಲ, ಬ್ಲಾಕಿನ ನಲ್ಲಿಯಿಂದಲೂ ಬಿಡಿ. ಕಂಪ್ರೆಸರ್ ಗಾಳಿ ಹೊಡೆಸಿ ಒಳಗನ್ನು ಒಣಗಿಸಿ. ಫಿಯಟ್ 1100, ಅದರಿಂದ ಬಂದ 1089 ಸಿಸಿಯ ಪದ್ಮಿನಿ, ಎರಡಕ್ಕೂ ಬ್ಲಾಕು ಎರಕದ ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಮ್ಮಿನದು. ಎರಡು ಲೋಹಗಳ ನಡುವೆ ನೀರು, ಅದರಲ್ಲೂ ಬೋರ್‌ವೆಲ್ಲಿನ ಉಪ್ಪುನೀರು ನಿಂತರೆ ಸವೆಯುವುದು ಹೆಡ್ಡು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಪದ್ಮಿನಿಗೆ ಬೇಕಾದ ಬಹಳಷ್ಟು ಸಾಮಾನನ್ನು ಹುಡುಕಿ ತರಬಹುದು, ಒಳ್ಳೆಯ ಹೆಡ್ಡು ಸುಲಭಕ್ಕೆ ಸಿಗುವುದಿಲ್ಲ.

ಕಾರ್ಬ್ಯುರೇಟರನ್ನು ಪೂರ್ತಿ ಬರಿದು ಮಾಡಲೇಬೇಕು. 2023ರ ಫೆಬ್ರವರಿಯಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರಿನ ಭಾಗಗಳಿಗೂ ಅದು ಆಗಿಬರುವುದಿಲ್ಲ.

ಎಂಜಿನ್ ಇಳಿದ ಮೇಲೆ ಪ್ಲಗ್ಗು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದೆರಡು ದೊಡ್ಡ ಚಮಚ ತುಕ್ಕುತಡೆ ಎಣ್ಣೆ ಬಿಡಿ. ತುಕ್ಕುತಡೆ ಎಣ್ಣೆ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಆದೀತು. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡ. ಅವು ಕಾಲಕ್ರಮೇಣ ಕೆಟ್ಟು ಅಂಟಾಗುತ್ತವೆ. ಕ್ರಾಂಕನ್ನು ಕೈಯಿಂದ ನಿಧಾನವಾಗಿ ನಾಲ್ಕಾರು ಸುತ್ತು ತಿರುಗಿಸಿ, ಪ್ಲಗ್ಗನ್ನು ಮತ್ತೆ ಹಾಕಿ.

ಮುಂದಿನದನ್ನು ಗ್ಯಾರೇಜುಗಳಲ್ಲಿ ಮಾಡುವವರು ಕಡಿಮೆ, ನಾನು ಹೆಚ್ಚು ನೆಚ್ಚುವುದು ಇದನ್ನೇ. ಟ್ಯಾಪೆಟ್ ಕವರ್ ತೆಗೆದು ರಾಕರಿನ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿ. ರಾಕರನ್ನು ಪಕ್ಕಕ್ಕೆ ಸರಿಸಿ, ಪುಶ್‌ರಾಡನ್ನು ಸ್ವಲ್ಪ ತಿರುಚಿ ಬಿಡಿಸಿಕೊಂಡು ಮೇಲಕ್ಕೆ ಎಳೆಯಿರಿ. ಎಂಟೂ ಹೊರಬಂದರೆ ಎಂಟು ವಾಲ್ವೂ ಮುಚ್ಚಿಕೊಳ್ಳುತ್ತವೆ, ನಾಲ್ಕು ಸಿಲಿಂಡರೂ ಹೊರಗಾಳಿಯಿಂದ ದೂರವಾಗುತ್ತವೆ. ಒಂದು ರಟ್ಟಿಗೆ ಎಂಟು ತೂತು ಕೊರೆದು ಒಂದರಿಂದ ಎಂಟು ಅಂತ ಬರೆದು, ಪುಶ್‌ರಾಡುಗಳನ್ನು ಅದೇ ಕ್ರಮದಲ್ಲಿ ಸಿಕ್ಕಿಸಿಡಿ. ಪ್ರತಿಯೊಂದೂ ತನ್ನ ಜಾಗದಲ್ಲಿ ಸವೆದು ಹೊಂದಿಕೊಂಡಿರುತ್ತದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನವರಿಗೆ ಒಂದು ಎಚ್ಚರಿಕೆ: ರಾಕರ್ ಶಾಫ್ಟನ್ನೇ ಬಿಚ್ಚಲು ಹೋಗಬೇಡಿ. ಅದರ ಕಂಬಗಳನ್ನು ಹಿಡಿದಿರುವ ನಟ್ಟುಗಳಲ್ಲಿ ಕೆಲವು ಹೆಡ್ಡಿನ ನಟ್ಟುಗಳೇ. ಅವನ್ನು ಸಡಿಲಿಸಿದರೆ ಹೆಡ್ ಗ್ಯಾಸ್ಕೆಟ್ಟಿನ ಹಿಡಿತ ಹೋಗುತ್ತದೆ.

ಮ್ಯಾನಿಫೋಲ್ಡಿನ ಬಾಯಿಗಳಿಗೆ ಬಟ್ಟೆ ತುರುಕಬೇಡಿ. ಬಟ್ಟೆ ತೇವ ಹೀರುತ್ತದೆ, ಇಲಿಗೂ ಇಷ್ಟ. ಹಳೇ ಗ್ಯಾಸ್ಕೆಟ್ಟಿನ ಅಳತೆಗೆ ತಗಡು ಕತ್ತರಿಸಿ ಬೋಲ್ಟ್ ಹಾಕಿ ಮುಚ್ಚಿ. ಕ್ಲಚ್ ಪ್ಲೇಟು ಬಿಚ್ಚಿ ಬೇರೆ ಇಡಿ, ಇಲ್ಲವಾದರೆ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಎಂಜಿನ್ನನ್ನು ಸಂಪಿನ ಮೇಲೆ ಕೂರಿಸುವುದಂತೂ ಕೂಡದು. ತಗಡಿನ ಸಂಪು ನೆಗ್ಗಿದರೆ ಒಳಗಿನ ಎಣ್ಣೆಜಾಲರಿಗೆ ತಾಗುತ್ತದೆ. ಮೌಂಟಿಂಗಿನ ಜಾಗಗಳಲ್ಲಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಸಿಮೆಂಟು ನೆಲದಿಂದ ಒಂದಡಿಯಾದರೂ ಎತ್ತರದಲ್ಲಿಡಿ.

ಇನ್ನು ಪ್ಲಾಸ್ಟಿಕ್ಕು. ಅರೆಬರೆ ಹೊದಿಸಿದ ಟಾರ್ಪಾಲು ತೇವವನ್ನು ಒಳಗೆ ಬಿಟ್ಟು ಹೊರಗೆ ಬಿಡದು. ಪೀಣ್ಯದ ಕಾರ್ಖಾನೆಗಳಲ್ಲಿ ತಯಾರಾದ ಬಿಡಿಭಾಗಗಳನ್ನು ಸುತ್ತುವ, ತುಕ್ಕು ತಡೆಯುವ ವಿಸಿಐ ಚೀಲದಲ್ಲಿ, ಸಿಲಿಕಾ ಜೆಲ್ ಜೊತೆಗೆ ಬಿಗಿಯಾಗಿ ಮುಚ್ಚಿದರೆ ಉತ್ತಮ. ಅದು ಆಗದಿದ್ದರೆ ಹಳೇ ಹತ್ತಿ ದುಪ್ಪಟಿ ಹೊದಿಸಿ ಗಾಳಿಯಾಡಲು ಬಿಡಿ.

‘ತಿಂಗಳಿಗೊಮ್ಮೆ ಕ್ರಾಂಕು ತಿರುಗಿಸ್ತಾ ಇರಿ ಸಾರ್’ ಎಂದು ಬಹಳ ಮೇಸ್ತ್ರಿಗಳು ಹೇಳುತ್ತಾರೆ. ಏನೂ ಮಾಡದೆ ಇಟ್ಟ ಎಂಜಿನ್ನಿಗೆ ಆ ಮಾತು ಸರಿ. ಎಣ್ಣೆ ಹಾಕಿ ಮುಚ್ಚಿದ ಎಂಜಿನ್ನಿಗೆ ಅದರಿಂದ ಕೆಡುಕೇ. ಒಂದೊಂದು ಸಲ ತಿರುಗಿಸಿದಾಗಲೂ ರಿಂಗುಗಳು ಗೋಡೆಯ ಎಣ್ಣೆಪದರವನ್ನು ಒರೆಸಿ ಹಾಕುತ್ತವೆ. ವಿಮಾನದವರು ಇದನ್ನು ಎಂದೋ ಅರಿತಿದ್ದಾರೆ. ಪಿಸ್ಟನ್ ಎಂಜಿನ್ನುಗಳನ್ನು ದೀರ್ಘಕಾಲ ಇಡುವಾಗ ಸಿಲಿಂಡರಿಗೆ ರಕ್ಷಕ ಎಣ್ಣೆ ಸಿಂಪಡಿಸಿ, ಪ್ಲಗ್ಗಿನ ಜಾಗದಲ್ಲಿ ತೇವ ಹೀರುವ ಹರಳು ತುಂಬಿದ ಪ್ಲಗ್ಗು ಹಾಕಿ, ಪ್ರೊಪೆಲರ್ ತಿರುಗಿಸಬೇಡಿ ಎಂದು ಚೀಟಿ ಕಟ್ಟುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಿಸ್ಟನ್ ವಿಮಾನಗಳನ್ನು ಎಚ್‌ಎಎಲ್‌ನಲ್ಲಿ ಬಿಚ್ಚಿ ಕಟ್ಟಿದ ಊರು ನಮ್ಮದು. ನಮಗೆ ಈ ಶಿಸ್ತು ಹೊಸದಾಗಬೇಕಿಲ್ಲ. ಚೀಲದೊಳಗಿನ ಸಿಲಿಕಾ ಜೆಲ್ ಹರಳು ನೀಲಿಯಿಂದ ಗುಲಾಬಿಗೆ ತಿರುಗಿದಾಗ ಬದಲಿಸುವುದಷ್ಟೇ ನಡುವಿನ ಕೆಲಸ. ಮತ್ತೆ ಓಡಿಸುವ ದಿನ ಮೊದಲು ಪ್ಲಗ್ಗು ಬಿಚ್ಚಿ, ಒಳಗಿನ ಎಣ್ಣೆ ಹೊರಬರುವಂತೆ ತಿರುಗಿಸಿ, ಆಮೇಲೆ ಉಳಿದದ್ದು.

ಇಷ್ಟು ಶ್ರಮ ಯಾಕೆ, ಬೇರೆ ಎಂಜಿನ್ ಕೂರಿಸಿದರಾಯಿತು ಎನ್ನುವವರಿದ್ದಾರೆ. ಡೀಸೆಲ್ಲಿನ ಆಸೆಗೆ ಹಾಗೆ ಬದಲಾದ ಅಂಬಾಸಿಡರುಗಳು ಅದೆಷ್ಟೋ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ‘ವಿಎ’ ಸರಣಿಯಲ್ಲಿ ನೋಂದಾಯಿಸಬಹುದು, ಆದರೆ ಕಾರು ಮೂಲರೂಪದಲ್ಲಿ ಇರಬೇಕು, ಚಾಸಿಯಲ್ಲೂ ಬಾಡಿಯಲ್ಲೂ ಎಂಜಿನ್ನಿನಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. 70ರ ದಶಕದ ಮೊದಲರ್ಧದ ಪದ್ಮಿನಿಗಳು ಈಗಾಗಲೇ ಆ ವಯಸ್ಸಿಗೆ ಬಂದಿವೆ. ಬ್ಲಾಕಿನ ಮೇಲೆ ಕೊರೆದ ಸಂಖ್ಯೆ ಆರ್‌ಸಿಯಲ್ಲಿರುವ ಸಂಖ್ಯೆಯೊಂದಿಗೆ ಕೂಡುವ ಎಂಜಿನ್ನು ಪ್ರಪಂಚದಲ್ಲಿ ಒಂದೇ.

ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿರುವವರು ಶೆಡ್ಡಿನ ಮೂಲೆಯನ್ನು ಒಮ್ಮೆ ನೋಡಿ. ಅಲ್ಲಿ ಎಂಜಿನ್ನಿದ್ದರೆ ಅದನ್ನು ಗುಜರಿಯವನ ತಕ್ಕಡಿಗೆ ಹಾಕಬೇಡಿ. ಸಂಖ್ಯೆ ಬರೆದುಕೊಳ್ಳಿ, ಆರ್‌ಸಿ ಹುಡುಕಿ, ಪ್ಲಗ್ಗಿನ ತೂತಿಗೆ ಎಣ್ಣೆ ಬಿಡಿ.