ಜಾಯ್‌ಸ್ಟಿಕ್ಕಿನ ಸೂಕ್ಷ್ಮತೆ ಮತ್ತು ನಿಶ್ಚಲ ವಲಯ: ಒಂದು ವಿಮರ್ಶೆ

ಅಂಗವೈಕಲ್ಯವುಳ್ಳವರಿಗೂ ಕಂಪ್ಯೂಟರಿನ ಆಟಗಳು ದೊರೆಯಬೇಕೆಂಬ ಉದ್ದೇಶದಿಂದ ಮೈಕ್ರೋಸಾಫ್ಟ್ ಸಂಸ್ಥೆಯು 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರನ್ನು ಮಾರುಕಟ್ಟೆಗೆ ತಂದಿತು. ಬೇರೆ ಬೇರೆ ಗುಂಡಿಗಳನ್ನೂ ಜಾಯ್‌ಸ್ಟಿಕ್ಕುಗಳನ್ನೂ ಜೋಡಿಸಲು ಇದರಲ್ಲಿ 3.5 ಮಿಲಿಮೀಟರಿನ 19 ಜ್ಯಾಕುಗಳೂ ಎರಡು ಯುಎಸ್‌ಬಿ ಪೋರ್ಟುಗಳೂ ಇವೆ. ಈ ಸೌಲಭ್ಯಕ್ಕೆ ಪ್ರಶಂಸೆ ಸಲ್ಲತಕ್ಕದ್ದೇ. ಆದರೆ ಉಪಕರಣವು ಕೈಗೆ ಎಟುಕಿದ ಮಾತ್ರಕ್ಕೆ ಆಟವು ಕೈವಶವಾಗುವುದಿಲ್ಲ. ಕೈಯ ಚಲನೆಯನ್ನು ಕಂಪ್ಯೂಟರು ಹೇಗೆ ಗ್ರಹಿಸುತ್ತದೆ ಎಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ವಿಂಡೋಸಿನ ಎಕ್ಸ್‌ಇನ್‌ಪುಟ್ ಪದ್ಧತಿಯಲ್ಲಿ ಜಾಯ್‌ಸ್ಟಿಕ್ಕನ್ನು ಬಲಕ್ಕೆ ಪೂರ್ತಿಯಾಗಿ ವಾಲಿಸಿದಾಗ ದೊರೆಯುವ ಅಂಕಿ 32767. ಕೈಬಿಟ್ಟ ಜಾಯ್‌ಸ್ಟಿಕ್ಕು ನಡುವಿಗೆ ಕರಾರುವಾಕ್ಕಾಗಿ ಮರಳುವುದಿಲ್ಲವಾದಕಾರಣ, ನಡುವಿನ ಆಸುಪಾಸಿನ ಚಲನೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ವಾಡಿಕೆ. ಇದೇ ನಿಶ್ಚಲ ವಲಯ. ಆಟಗಾರರ ಮಾತಿನಲ್ಲಿ ಡೆಡ್ ಝೋನ್. ಆಟವನ್ನು ರಚಿಸುವವರಿಗೆ ಈ ಪದ್ಧತಿಯು ಸೂಚಿಸುವ ವಲಯವು ಎಡದ ಜಾಯ್‌ಸ್ಟಿಕ್ಕಿಗೆ 7849, ಬಲದ್ದಕ್ಕೆ 8689. ಎಂದರೆ ಪೂರ್ಣ ಚಲನೆಯ ಸುಮಾರು ಶೇಕಡ 24 ಮತ್ತು 27.

ಗಟ್ಟಿಮುಟ್ಟಾದ ಹೆಬ್ಬೆರಳಿಗೆ ಇದು ಗಮನಕ್ಕೇ ಬಾರದು. ಸ್ನಾಯುಕ್ಷಯದಿಂದ ಬಳಲುವವರ ಬೆರಳಾದರೋ 8000ದವರೆಗೆ ಮಾತ್ರ ಸಾಗಬಲ್ಲುದೆಂದು ಭಾವಿಸೋಣ. ಬಲದ ಜಾಯ್‌ಸ್ಟಿಕ್ಕಿನಲ್ಲಿ ಅವರ ಸಮಸ್ತ ಪ್ರಯತ್ನವೂ ಸೊನ್ನೆಯೆಂದೇ ಪರಿಗಣಿತವಾಗುತ್ತದೆ. ಇಂಥವರಿಗೆ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಳ್ಳಿರೆಂದು ಸಲಹೆ ಕೊಡುವುದುಂಟು. ಆದರೆ ಅನೇಕ ಆಟಗಳಲ್ಲಿ ಸೂಕ್ಷ್ಮತೆಯೆಂಬುದು ನಿಶ್ಚಲ ವಲಯವನ್ನು ಕಳೆದುಳಿದ ಅಂಕಿಯನ್ನು ಗುಣಿಸುವ ಕ್ರಮವಷ್ಟೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೇನು? ಇವರಿಗೆ ಬೇಕಾದುದು ಕಿರಿದಾದ ನಿಶ್ಚಲ ವಲಯ, ಮತ್ತು 8000ವನ್ನೇ ಪೂರ್ಣ ಚಲನೆಯೆಂದು ಎಣಿಸುವ ಹೊರ ಎಲ್ಲೆ.

ಕೈನಡುಕವುಳ್ಳವರ ಅಗತ್ಯವು ಇದಕ್ಕೆ ವಿರುದ್ಧವಾದುದು. ಅವರಿಗೆ ವಿಶಾಲವಾದ ನಿಶ್ಚಲ ವಲಯವು ಹಿತಕರ. ನಡುವಿನ ಬಳಿ ಮಂದವಾಗಿ ಏರುವ ಪ್ರತಿಕ್ರಿಯಾರೇಖೆಯೂ ಒಪ್ಪುತ್ತದೆ. ಹೀಗೆ ಪರಸ್ಪರ ವಿರುದ್ಧವಾದ ಎರಡು ಅಗತ್ಯಗಳನ್ನು ಸೂಕ್ಷ್ಮತೆಯೆಂಬ ಒಂದೇ ಹೆಸರಿನ, ಒಂದೇ ಹೊಂದಾಣಿಕೆಯಲ್ಲಿ ಅಡಕಮಾಡುವುದು ಯುಕ್ತವಲ್ಲ.

ಸ್ಟೀಮ್ ಇನ್‌ಪುಟ್ ವ್ಯವಸ್ಥೆಯು ಒಳವಲಯ, ಹೊರ ಎಲ್ಲೆ, ಪ್ರತಿಕ್ರಿಯಾರೇಖೆ ಇವನ್ನು ಪ್ರತ್ಯೇಕವಾಗಿ ತಿದ್ದಲು ಅವಕಾಶವಿತ್ತಿದೆ, ಇದು ಶ್ಲಾಘನೀಯ. ಆದರೂ ಹಾಗೆ ತಿದ್ದಿದ ಅಂಕಿಯ ಮೇಲೆ ಆಟವು ತನ್ನದೇ ನಿಶ್ಚಲ ವಲಯವನ್ನು ಮತ್ತೊಮ್ಮೆ ಹೇರಬಹುದು. ಅದರ ಅಳತೆಯನ್ನು ಆಟವು ತಿಳಿಸದಿದ್ದರೆ ಆಟಗಾರನು ಊಹೆಯಿಂದಲೇ ಸರಿಪಡಿಸಿಕೊಳ್ಳಬೇಕು. ದಣಿದ ಕೈಗೆ ಒಂದೊಂದು ಪರೀಕ್ಷೆಯೂ ಶ್ರಮವೇ ಸರಿ.

ಆದುದರಿಂದ ನಮ್ಮ ಆಕ್ಷೇಪಣೆಯು ನಿಶ್ಚಲ ವಲಯವಿರುವುದಕ್ಕಲ್ಲ, ಅದು ಮರೆಯಲ್ಲಿರುವುದಕ್ಕೆ. 7849 ಎಂಬುದು ಪ್ರಕೃತಿನಿಯಮವಲ್ಲ, ಒಂದು ಬಗೆಯ ಕೈಯನ್ನು ಎಣಿಸಿ ಇಟ್ಟ ಅಂಕಿ. ಪ್ರತಿಯೊಂದು ಆಟವೂ ತನ್ನ ವಲಯದ ಅಳತೆಯನ್ನು ತೋರಿಸಿ, ಅದನ್ನು ಸೊನ್ನೆಯವರೆಗೆ ಇಳಿಸಲು ಆಸ್ಪದ ಕೊಡುವುದಾದರೆ, ಇಂದು ಲೆಕ್ಕಕ್ಕೇ ಬಾರದ ಎಷ್ಟೋ ಕೈಗಳು ಆಟದೊಳಕ್ಕೆ ಬರುವುವೆಂದು ನಾವು ನಂಬುತ್ತೇವೆ.