ಹಕ್ಕಿಯ ಕೊರಳಲ್ಲಿ ಉಳಿದ ಮಾತು: ಪ್ರತಿನಾಯಕನ ಪೂರ್ವಕಥೆಯೊಂದರ ಓದು

ಪ್ರತಿನಾಯಕನ ತಾರುಣ್ಯವನ್ನು ಹೇಳಹೊರಡುವ ಕೃತಿಗೆ ಹುಟ್ಟಿನಿಂದಲೇ ಒಂದು ತೊಡಕು ಅಂಟಿಕೊಂಡಿರುತ್ತದೆ. ಅವನು ಕೊನೆಗೆ ಏನಾಗುತ್ತಾನೆಂಬುದು ಓದುಗರಿಗೆ ಮೊದಲೇ ತಿಳಿದಿದೆ. ಹೀಗಾಗಿ ಲೇಖಕರಿಗೆ ಉಳಿಯುವುದು 'ಏನು' ಎಂಬ ಕುತೂಹಲವಲ್ಲ, 'ಹೇಗೆ' ಎಂಬ ವಿವರಣೆ. ವಿವರಣೆ ತುಸು ಹದ ತಪ್ಪಿದರೂ ಅದು ಕ್ಷಮಾಪಣೆಯಾಗಿಬಿಡುತ್ತದೆ. ಸುಜಾನ್ ಕಾಲಿನ್ಸ್ 2020ರಲ್ಲಿ ಪ್ರಕಟಿಸಿದ 'ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್' ಕಾದಂಬರಿಯನ್ನು ಈ ತೊಡಕಿನ ಮೂಲಕವೇ ಓದಬೇಕೆಂದು ನನಗೆ ತೋರುತ್ತದೆ.

2008ರಿಂದ 2010ರವರೆಗೆ ಬಂದ 'ಹಂಗರ್ ಗೇಮ್ಸ್' ತ್ರಿವಳಿಯ ಲೋಕ ಹಲವರಿಗೆ ಪರಿಚಿತ. ಉತ್ತರ ಅಮೆರಿಕದ ಅವಶೇಷಗಳ ಮೇಲೆ ಎದ್ದ ಪ್ಯಾನೆಮ್ ಎಂಬ ರಾಜ್ಯ. ಕ್ಯಾಪಿಟಲ್ ಎಂಬ ರಾಜಧಾನಿ. ಅದಕ್ಕೆ ಸೋತು ಅಧೀನವಾದ ಜಿಲ್ಲೆಗಳು. ಬಂಡಾಯದ ಶಿಕ್ಷೆಯಾಗಿ ಪ್ರತಿ ಜಿಲ್ಲೆಯೂ ವರ್ಷಕ್ಕೊಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಸಾವಿನ ಕಣಕ್ಕೆ ಒಪ್ಪಿಸಬೇಕು. ಆ ರಾಜ್ಯದ ಕ್ರೂರ ಅಧ್ಯಕ್ಷ ಕೊರಿಯೊಲೇನಸ್ ಸ್ನೋ. ಹೊಸ ಕಾದಂಬರಿ 64 ವರ್ಷ ಹಿಂದಕ್ಕೆ ಸರಿದು, ಹತ್ತನೆಯ ಕ್ರೀಡೆಯ ಸಂದರ್ಭದಲ್ಲಿ ಹದಿನೆಂಟರ ಸ್ನೋನನ್ನು ಎದುರಿಗೆ ನಿಲ್ಲಿಸುತ್ತದೆ. ಸಿರಿವಂತ ಮನೆತನ ಬರಿಗೈಯಾಗಿದೆ, ಮಹಡಿಮನೆಯ ಅಡುಗೆಮನೆಯಲ್ಲಿ ಎಲೆಕೋಸು ಬೇಯುತ್ತಿದೆ. ಹನ್ನೆರಡನೆಯ ಜಿಲ್ಲೆಯ ಹಾಡುಗಾರ್ತಿ ಲೂಸಿ ಗ್ರೇ ಬೇರ್ಡ್‌ಗೆ ಮಾರ್ಗದರ್ಶಕನಾಗುವ ಕೆಲಸ ಅವನ ಪಾಲಿಗೆ ಬರುತ್ತದೆ.

ಸೋಲುವವನ ಕಡೆಯಿಂದ ಕಥೆಯನ್ನು ನೋಡುವುದು ಕನ್ನಡಕ್ಕೆ ಹೊಸದಲ್ಲ. ರನ್ನನ 'ಗದಾಯುದ್ಧ' ಭಾರತ ಯುದ್ಧದ ಕೊನೆಯ ದಿನದ ಮೇಲೆ ನಿಂತು ಸಿಂಹಾವಲೋಕನ ಕ್ರಮದಲ್ಲಿ ಹಿಂದಿನದನ್ನೆಲ್ಲ ನೋಡುತ್ತದೆ. ಎಲ್ಲವನ್ನೂ ಕಳೆದುಕೊಂಡ ಮೇಲೆ ದುರ್ಯೋಧನನಿಗೆ ಒಂದು ಘನತೆ ಬರುತ್ತದೆ. ಬಿ.ಎಂ.ಶ್ರೀ ಅದರಲ್ಲಿ ದುರಂತ ನಾಟಕವನ್ನು ಕಂಡದ್ದು ಅದಕ್ಕಾಗಿಯೇ. ನಾಗಚಂದ್ರನ ರಾವಣನೂ ಇದೇ ಸಾಲಿಗೆ ಸೇರುವವನು. ಪೂರ್ವಕಥೆಯ ದಿಕ್ಕು ಇದಕ್ಕೆ ತಿರುವುಮುರುವು. ಘನತೆ ಇಲ್ಲಿ ಆರಂಭದಲ್ಲೇ ಒದಗಿ, ಪುಟಪುಟಕ್ಕೂ ಸವೆಯುತ್ತ ಹೋಗುತ್ತದೆ. ಹಸಿದ ಹುಡುಗನ ಬಗ್ಗೆ ಮರುಕಪಡುತ್ತಲೇ ಓದು ತೊಡಗುವ ನಾವು, ಆ ಮರುಕವನ್ನು ಯಾವ ಪುಟದಲ್ಲಿ ಕೈಬಿಟ್ಟೆವೆಂಬುದನ್ನು ಆಮೇಲೆ ಹುಡುಕಿಕೊಳ್ಳಬೇಕಾಗುತ್ತದೆ.

ಇದನ್ನು ಸಾಧ್ಯವಾಗಿಸಿರುವುದು ನಿರೂಪಣೆಯ ಆಯ್ಕೆ. ತ್ರಿವಳಿಯಲ್ಲಿ ಕ್ಯಾಟ್ನಿಸ್ ಉತ್ತಮ ಪುರುಷದಲ್ಲಿ, ವರ್ತಮಾನ ಕಾಲದಲ್ಲಿ ಮಾತಾಡುತ್ತಾಳೆ. ಇಲ್ಲಿ ಪ್ರಥಮ ಪುರುಷ, ಭೂತಕಾಲ. ಆದರೂ ಕಥೆ ಸ್ನೋನ ತಲೆಯಿಂದ ಒಮ್ಮೆಯೂ ಹೊರಬರುವುದಿಲ್ಲ. ಲೂಸಿ ಗ್ರೇ ಅವನಿಗೆ ಮೊದಲು ಒದಗಿದ ಅವಕಾಶ, ಆಮೇಲೆ ಒಲವು. ಎರಡರಲ್ಲೂ ಆಕೆ ಅವನ ಸೊತ್ತು. ಇಂಗ್ಲಿಷಿನ ಸರ್ವನಾಮದಲ್ಲಿ ಈ ಒಡೆತನ ತೇಲುತ್ತಿರುತ್ತದೆ. 'ಅವನ' ಹುಡುಗಿ ಎಂದು ಹೇಳುತ್ತಿರುವುದು ನಿರೂಪಕಿಯೋ, ಅವನೇ ಹಾಗೆ ಅಂದುಕೊಳ್ಳುತ್ತಿದ್ದಾನೋ ತೀರ್ಮಾನವಾಗುವುದಿಲ್ಲ. ಕನ್ನಡಕ್ಕೆ ತಂದುನೋಡಿದರೆ ಅನುವಾದಕರು ಸಿಕ್ಕಿಬೀಳುತ್ತಾರೆ. 'ಅವನ ಹುಡುಗಿ' ಎಂದರೆ ಹೊರಗಿನವರ ಮಾತು, 'ತನ್ನ ಹುಡುಗಿ' ಎಂದರೆ ಅವನ ಮನಸ್ಸಿನದು. 'ತಾನು', 'ತನ್ನ' ಎಂಬ ರೂಪಗಳು ಯಾರ ದೃಷ್ಟಿಯೆಂಬುದನ್ನು ಬಾಯಿಬಿಟ್ಟು ಹೇಳಿಬಿಡುತ್ತವೆ. ಮೂಲದ ಮಬ್ಬು ಕನ್ನಡದಲ್ಲಿ ಉಳಿಯದು. ಎರಡು ಭಾಷೆಗಳ ನಡುವೆ ಬದುಕುವವರಿಗೆ ಇದು ಬರಿಯ ವ್ಯಾಕರಣದ ಚರ್ಚೆಯಾಗಿ ಕಾಣಲಾರದು. ಈ ಕಾದಂಬರಿಯ ನೈತಿಕ ಯಂತ್ರ ನಡೆಯುತ್ತಿರುವುದೇ ಆ ಮಬ್ಬಿನಲ್ಲಿ.

ಕಾರಣಗಳನ್ನು ಒದಗಿಸುವುದರಲ್ಲಿ ಕಾಲಿನ್ಸ್ ಜಿಪುಣತನ ತೋರಿಲ್ಲ. ತಂದೆ ಹನ್ನೆರಡನೆಯ ಜಿಲ್ಲೆಯಲ್ಲಿ ಹತನಾದವನು. ಮುತ್ತಿಗೆಯ ದಿನಗಳಲ್ಲಿ ನೆರೆಯವನೊಬ್ಬ ಸತ್ತ ಕೆಲಸದಾಕೆಯ ಕಾಲನ್ನು ಕತ್ತರಿಸುವುದನ್ನು ಬಾಲಕ ಸ್ನೋ ಕಂಡಿದ್ದಾನೆ. 'ಸ್ಟಾರ್ ವಾರ್ಸ್' ಸರಣಿಯ ಪೂರ್ವಚಿತ್ರಗಳಾಗಿದ್ದರೆ (1999, 2002, 2005) ಇಷ್ಟು ಸಾಕಾಗುತ್ತಿತ್ತು. ಅನಾಕಿನ್ ತಾಯಿಯನ್ನು ಕಳೆದುಕೊಳ್ಳುತ್ತಾನೆ, ಹೆಂಡತಿಯನ್ನೂ ಕಳೆದುಕೊಳ್ಳುವೆನೆಂದು ಹೆದರುತ್ತಾನೆ, ಡಾರ್ತ್ ವೇಡರ್ ಆಗುತ್ತಾನೆ. ಕಾಲಿನ್ಸ್ ಆ ಸಮೀಕರಣವನ್ನು ಒಪ್ಪುವುದಿಲ್ಲ. ಅದೇ ಮನೆಯಲ್ಲಿ ಅದೇ ಹಸಿವನ್ನು ಉಂಡು ಬೆಳೆದ ದೊಡ್ಡಕ್ಕನಂಥ ಟೈಗ್ರಿಸ್ ಇದ್ದಾಳೆ. ಎರಡನೆಯ ಜಿಲ್ಲೆಯಿಂದ ಬಂದು ರಾಜಧಾನಿಯ ಶಾಲೆಯಲ್ಲಿ ಪರಕೀಯನಾಗಿಯೇ ಉಳಿದ ಸೆಜಾನಸ್ ಪ್ಲಿಂತ್ ಇದ್ದಾನೆ. ಇವರಿಬ್ಬರೂ ಇರುವವರೆಗೆ ಸ್ನೋನ ಕಷ್ಟಗಳು ಕಷ್ಟಗಳಾಗಿಯೇ ಉಳಿಯುತ್ತವೆ, ನೆಪಗಳಾಗುವುದಿಲ್ಲ.

ಸೆಜಾನಸ್ ತನ್ನ ತಾಯಿಯನ್ನು 'ಮಾ' ಎನ್ನುತ್ತಾನೆ. ಮನೆತನದ ಹಣ ರಾಜಧಾನಿಯಲ್ಲಿ ನೆಲೆ ಕೊಂಡುಕೊಟ್ಟಿದೆ, ಆದರೆ ನಾಲಿಗೆಯ ಮೇಲಿನ ಆ ಒಂದಕ್ಷರ ಊರನ್ನು ಬಿಟ್ಟುಕೊಟ್ಟಿಲ್ಲ. ಗಡಿಯೂರಿನ ಮನೆಯಿಂದ ಅನ್ಯಭಾಷೆಯ ಶಾಲೆಗೆ ಹೋದವರಿಗೆ ಇಂಥ ಅಕ್ಷರಗಳ ಭಾರ ಗೊತ್ತು. ಕಾದಂಬರಿಯ ಮೂರನೆಯ ಭಾಗದಲ್ಲಿ ಈ ಎಳೆ ಬಿಗಿಯುತ್ತದೆ. ರಾಜಧಾನಿಯ ಪ್ರಯೋಗಾಲಯ ಯುದ್ಧಕಾಲದಲ್ಲಿ ಬೇಹುಗಾರಿಕೆಗೆಂದು ಸೃಷ್ಟಿಸಿದ ಜ್ಯಾಬರ್‌ಜೇ ಹಕ್ಕಿಗಳು ಮನುಷ್ಯರ ಮಾತನ್ನು ಇದ್ದಕ್ಕಿದ್ದಂತೆ ಹಿಡಿದಿಟ್ಟುಕೊಳ್ಳಬಲ್ಲವು. ಗೆಳೆಯನೆಂದು ನಂಬಿ ಸೆಜಾನಸ್ ಗುಟ್ಟು ಬಿಚ್ಚುತ್ತಿರುವಾಗ ಸ್ನೋ ಸದ್ದಿಲ್ಲದೆ ಹಕ್ಕಿಯ ಧ್ವನಿಮುದ್ರಣವನ್ನು ಚಾಲೂ ಮಾಡುತ್ತಾನೆ. ಹಕ್ಕಿ ರಾಜಧಾನಿಗೆ ಹೋಗುತ್ತದೆ, ಸೆಜಾನಸ್ ನೇಣುಗಂಬಕ್ಕೆ. ಕೊನೆಯಲ್ಲಿ ಅವನು ಕೂಗುವುದು ತಾಯಿಯನ್ನು. ಆ ಕೂಗನ್ನು ಮರದ ಮೇಲಿನ ಹಕ್ಕಿಗಳು ಎತ್ತಿಕೊಂಡು ಮತ್ತೆ ಮತ್ತೆ ನುಡಿಯುತ್ತವೆ. ಸ್ನೋ ಪ್ರತಿನಾಯಕನಾಗುವುದು ಯಾರನ್ನೋ ಇರಿದಾಗ ಅಲ್ಲ, ಈ ಗುಂಡಿಯನ್ನು ಒತ್ತಿದಾಗ. ಅಲ್ಲಿಯೂ ಅವನು ತನಗೆ ತಾನೇ ನೂರು ಸಮಾಧಾನ ಹೇಳಿಕೊಳ್ಳುತ್ತಾನೆ, ನಾವು ಆ ತಲೆಯೊಳಗೇ ಕುಳಿತು ಕೇಳುತ್ತೇವೆ.

ಈ ಪ್ರಸಂಗವನ್ನು ನಾನು ನಿರಾಳವಾಗಿ ಓದಲಾರೆ. ತಾಳವಾಡಿಯ ಹಾಡಿಗಳ ಕಡೆ ಕ್ಷೇತ್ರಕಾರ್ಯಕ್ಕೆ ಹೋಗಿದ್ದಾಗ, ಹಾಡು ಮುಗಿಸಿದ ಅಜ್ಜಿಯೊಬ್ಬರು ನನ್ನ ಕೈಯ ಯಂತ್ರವನ್ನು ನೋಡುತ್ತ "ಇದ ಯಾರ್ಗ ಕೇಳುಸ್ತೀಯ ಮಗ?" ಎಂದಿದ್ದರು. ಸಂಗ್ರಹ, ದಾಖಲೆ, ಸಂಶೋಧನೆ ಎಂದು ಏನೇನೋ ಹೇಳಿದೆ. ಅವರು ಕೇಳಿದ್ದು 'ಯಾರಿಗೆ' ಎಂದು, ನಾನು ಉತ್ತರಿಸಿದ್ದು 'ಯಾಕೆ' ಎಂಬುದಕ್ಕೆ.

ಲೂಸಿ ಗ್ರೇಯ ಕುಲವೂ ಇಲ್ಲಿ ಪ್ರಸ್ತುತ. ಅವರು ಊರೂರು ಅಲೆಯುತ್ತಿದ್ದ ಹಾಡುಗಾರರು. ಯುದ್ಧದ ಬಳಿಕ ಸೈನಿಕರು ಅವರನ್ನು ಒಟ್ಟುಗೂಡಿಸಿ ಹನ್ನೆರಡನೆಯ ಜಿಲ್ಲೆಯಲ್ಲಿ ಕಟ್ಟಿಹಾಕಿದರು. ತಾವು ಯಾವ ಜಿಲ್ಲೆಯವರೂ ಅಲ್ಲ ಎಂಬುದು ಅವರ ವಾದ. ಕುಲದ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ನಮ್ಮ ಲಿಪಿಯಲ್ಲಿ ಬರೆದರೆ 'ಕವಿ' ಎಂದಾಗುತ್ತದೆ, ಲೇಖಕಿಗೆ ಗೊತ್ತಿಲ್ಲದ ಒಂದು ಶ್ಲೇಷೆ. ಪ್ರತಿಯೊಬ್ಬರ ಹೆಸರಿನ ಮೊದಲರ್ಧ ಕಥನಗೀತೆಯಿಂದ, ಉಳಿದರ್ಧ ಬಣ್ಣದಿಂದ ಬಂದದ್ದು. ವರ್ಡ್ಸ್‌ವರ್ತ್‌ನ ಲೂಸಿ ಗ್ರೇ ಹಿಮದಲ್ಲಿ ಕಾಣೆಯಾದವಳೆಂಬುದನ್ನೂ 'ಸ್ನೋ' ಎಂದರೆ ಹಿಮವೆಂಬುದನ್ನೂ ಬಲ್ಲವರಿಗೆ ಕಥೆಯ ಮುಕ್ತಾಯ ಹೆಸರಿನಲ್ಲೇ ಸಿಗುತ್ತದೆ. ಇವರನ್ನು ಗಡಿನಾಡ ಕನ್ನಡಿಗರೊಡನೆ ಹೋಲಿಸುವ ಆಸೆ ಸಹಜ, ಆದರೆ ಹೋಲಿಕೆ ಅರ್ಧದಲ್ಲೇ ನಿಲ್ಲುತ್ತದೆ. ಅವರ ನಡಿಗೆಯನ್ನು ಗೆರೆ ತಡೆಯಿತು. ನಮ್ಮವರು ಕುಳಿತಲ್ಲೇ ಇದ್ದರು, 1956ರಲ್ಲಿ ಗೆರೆಯೇ ಅವರನ್ನು ದಾಟಿಹೋಯಿತು.

ದೋಷಗಳೂ ಇವೆ. ತ್ರಿವಳಿಯ ಪ್ರತಿಯೊಂದು ವಸ್ತುವಿಗೂ ಇಲ್ಲಿ ಜನನ ಪ್ರಮಾಣಪತ್ರ ಸಿಗುತ್ತದೆ: ನೇಣುಮರದ ಹಾಡು, ಬಿಳಿ ಗುಲಾಬಿ, ವಿಷ, ಕೊನೆಗೆ 'ಕ್ಯಾಟ್ನಿಸ್' ಎಂಬ ಗೆಡ್ಡೆಯ ಹೆಸರು ಕೂಡ. ಇದು ಪೂರ್ವಕಥೆಗಳ ಸಾಮಾನ್ಯ ರೋಗ. ಕ್ರೀಡೆಯ ಮುಖ್ಯಸ್ಥೆ ವಾಲಮ್ನಿಯಾ ಗಾಲ್ ಪಾತ್ರವೆನ್ನುವುದಕ್ಕಿಂತ ಹಾಬ್ಸ್‌ನ ವಕ್ತಾರೆ. ಹಾಬ್ಸ್, ಲಾಕ್, ರೂಸೊ ಮೂವರೂ ಕೃತಿಯ ಮುಂಪುಟದಲ್ಲೇ ಹಾಜರಿರುವಾಗ ಆಕೆ ಅದೇ ಪಾಠವನ್ನು ಮತ್ತೆ ಒಪ್ಪಿಸುವ ಅಗತ್ಯವಿರಲಿಲ್ಲ. ಕಾಡಿನ ಕೊನೆಯ ದೃಶ್ಯದಲ್ಲಿ ಒಲವು ಸಂಶಯವಾಗಿ, ಸಂಶಯ ಕೋವಿಯಾಗುವುದು ಕೆಲವೇ ಪುಟಗಳಲ್ಲಿ. ಅವಸರವೆಂದು ಹಲವರಿಗೆ ಅನ್ನಿಸಬಹುದು. ಆ ತಲೆಯೊಳಗೆ ಅಷ್ಟು ಕಾಲ ಇದ್ದ ನನಗೆ ಅದು ತಡವಾಗಿ ಬಂದಂತೆ ತೋರಿತು.

ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶಿಸಿದ 2023ರ ಚಿತ್ರಕ್ಕೆ ಆ ತಲೆಯೊಳಗೆ ಪ್ರವೇಶವಿಲ್ಲ. ಟಾಮ್ ಬ್ಲೈತ್‌ನ ಮುಖವನ್ನು ಹೊರಗಿನಿಂದ ನೋಡುವವರಿಗೆ ಅವನ ಲೆಕ್ಕಾಚಾರಗಳು ಕೇಳಿಸುವುದಿಲ್ಲ, ಅಂದಚೆಂದದ ನೊಂದ ಹುಡುಗನೇ ಕಾಣುತ್ತಾನೆ. ಕಾದಂಬರಿ ತಡೆದಿದ್ದ ಕ್ಷಮಾಪಣೆ ಹೀಗೆ ಹಿಂಬಾಗಿಲಿನಿಂದ ಒಳಬರುತ್ತದೆ. ಇದರ ಅರಿವು ನಿರ್ದೇಶಕರಿಗೂ ಇದ್ದಿರಬೇಕು. ಮುಕ್ತಾಯದಲ್ಲಿ ಅವರು ಹಿಂದಿನ ನಾಲ್ಕು ಚಿತ್ರಗಳ ಮುದಿ ಸ್ನೋನನ್ನು ಕರೆಸಿಕೊಳ್ಳುತ್ತಾರೆ. ಯುವಕನ ಮುಖದ ಮೇಲೆ ಡೊನಾಲ್ಡ್ ಸದರ್ಲೆಂಡ್‌ರ ದನಿ ಕೇಳುತ್ತದೆ. ಆ ಮಾತು ಹೊಸದಾಗಿ ಆಡಿದ್ದಲ್ಲ, ಹಳೆಯ ಚಿತ್ರವೊಂದರಿಂದ ಎತ್ತಿ ತಂದದ್ದು.